ಟೆಂಟಿಗೆ ನಲವತ್ತು, ತಂಪಿಗೆಷ್ಟು?

ಅಟ್ಲಾಂಟಾದಿಂದ ಹೊರಟು ಫ್ಲೋರಿಡಾದ ಸೇಂಟ್ ಅಗಸ್ಟೀನ್‌ನಲ್ಲಿ ಮೂರು ರಾತ್ರಿ ಟೆಂಟ್ ಹೊಡೆದು ವಾಪಸು ಬರಲು ಆರು ಜನರ ಕುಟುಂಬಕ್ಕೆ ಸುಮಾರು 673 ಡಾಲರ್ ಬೇಕು. ಡಾಲರಿಗೆ 88 ರೂಪಾಯಿ ಹಿಡಿದರೆ 59 ಸಾವಿರ ಚಿಲ್ಲರೆ. ಆರು ಜನ ಅಂದರೆ ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಬೇಸಿಗೆ ಕಳೆಯಲೆಂದು ಊರಿಂದ ಬಂದ ಅಜ್ಜ-ಅಜ್ಜಿ. ಅಮೆರಿಕದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಜೂನ್-ಜುಲೈ ಬಂತೆಂದರೆ ತಲೆ ಎಣಿಕೆ ಹೀಗೇ ಇರುತ್ತದೆ. ಹಾಗಾಗಿ ಲೆಕ್ಕಕ್ಕೂ ಅದನ್ನೇ ಇಟ್ಟುಕೊಂಡಿದ್ದೇನೆ.

ಟೆಂಟ್ ಹಾಕುವ ಜಾಗದ ಬಾಡಿಗೆ ಈ ಮೊತ್ತದ ಐದನೇ ಒಂದು ಪಾಲೂ ಆಗುವುದಿಲ್ಲ. ಪೆಟ್ರೋಲು ಅದಕ್ಕಿಂತ ಕಡಿಮೆ. ಆದರೆ 673ರಲ್ಲಿ 194 ಡಾಲರ್, ಅಂದರೆ ನೂರಕ್ಕೆ 29, ಬಿಸಿಲಿಗೆ ಕಟ್ಟುವ ಕಂದಾಯ. ಐಸು, ಫ್ಯಾನು, ಮಧ್ಯಾಹ್ನ ಎಸಿ ಹುಡುಕಿಕೊಂಡು ಹೋಗಿ ಕೂರುವ ಹೋಟೆಲಿನ ಊಟ, ಮಕ್ಕಳ ಕೈಗೆ ಕೊಡಲೇಬೇಕಾದ ಐಸ್‌ಕ್ರೀಮು. ಹೊರಡುವ ಮುಂಚೆ ಎಲ್ಲರೂ ಟೆಂಟಿನ ದರ ನೋಡುತ್ತಾರೆ, ಪೆಟ್ರೋಲಿನ ದರ ನೋಡುತ್ತಾರೆ. ಥರ್ಮಾಮೀಟರ್ ನೋಡಿ ಬಜೆಟ್ ಬರೆಯುವವರನ್ನು ನಾನು ಕಂಡಿದ್ದು ಕಡಿಮೆ.

ಮೊದಲು ಊರಿನ ಪರಿಚಯ. 1565ರ ಸೆಪ್ಟೆಂಬರ್ 8ರಂದು ಸ್ಪೇನಿನ ಪೆಡ್ರೊ ಮೆನೆಂಡೆಸ್ ಇಲ್ಲಿ ಬಂದಿಳಿದು ಊರು ಕಟ್ಟಲು ಶುರು ಮಾಡಿದ. ಅದೇ ವರ್ಷದ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ರಾಮರಾಯ ಬಿದ್ದಿದ್ದ. ವಿಜಯನಗರ ಹಾಳಾದ ವರ್ಷವೇ ಹುಟ್ಟಿದ ಊರು ಎಂದು ಹೇಳಿದರೆ ಅಜ್ಜನಿಗೆ ಕಾಲ ಚೆನ್ನಾಗಿ ಹಿಡಿತಕ್ಕೆ ಸಿಗುತ್ತದೆ. ಇಂದಿನ ಅಮೆರಿಕದ ಮುಖ್ಯಭೂಮಿಯಲ್ಲಿ ಯುರೋಪಿನವರು ಕಟ್ಟಿ, ಅಂದಿನಿಂದ ಬಿಡದೆ ಜನ ಬಾಳಿಕೊಂಡು ಬಂದಿರುವ ಊರುಗಳಲ್ಲಿ ಇದೇ ಹಳೆಯದು. 2020ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 14 ಸಾವಿರ ಚಿಲ್ಲರೆ, ನಮ್ಮ ಕಡೆಯ ಒಂದು ದೊಡ್ಡ ಹೋಬಳಿ ಊರಿನಷ್ಟು. ಪ್ರವಾಸಿಗರ ಕಾರುಗಳನ್ನು ನಿಲ್ಲಿಸಲು ನಗರಸಭೆ ಕಟ್ಟಿಸಿರುವ ಬಹುಮಹಡಿ ಕಟ್ಟಡದಲ್ಲಿ ಸುಮಾರು 1,200 ಕಾರುಗಳಿಗೆ ಜಾಗವಿದೆ. ಊರಿನ ಹನ್ನೆರಡು ಜನಕ್ಕೊಂದು ಪಾರ್ಕಿಂಗ್! ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಅದೂ ಸಾಲದು.

ಈಗ ದಾರಿ. ಅಟ್ಲಾಂಟಾದಿಂದ ಇಂಟರ್‌ಸ್ಟೇಟ್ 75 ಹಿಡಿದು ದಕ್ಷಿಣಕ್ಕೆ ಇಳಿದು, ಫ್ಲೋರಿಡಾದ ಲೇಕ್ ಸಿಟಿಯಲ್ಲಿ 10ಕ್ಕೆ ಹೊರಳಿ, ಜಾಕ್ಸನ್‌ವಿಲ್ ದಾಟಿ 95ರಲ್ಲಿ ಕೆಳಗೆ ಬಂದರೆ ಸುಮಾರು 385 ಮೈಲಿ, 620 ಕಿಲೋಮೀಟರ್. ಟೋಲ್ ಇಲ್ಲ. ಚಕ್ರದ ಲೆಕ್ಕದಲ್ಲಿ ಆರು ಗಂಟೆ. ಅಜ್ಜಿಯ ಮಂಡಿ, ಮಕ್ಕಳ ಬಾತ್‌ರೂಮು ಸೇರಿದರೆ ಏಳೂವರೆ. ಹೋಗಿಬರಲು 770 ಮೈಲಿ, ಅಲ್ಲಿನ ಓಡಾಟಕ್ಕೆ 60, ಒಟ್ಟು 830. ಏಳು ಸೀಟಿನ ವ್ಯಾನು ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 25 ಮೈಲಿ ಕೊಟ್ಟರೆ 33 ಗ್ಯಾಲನ್, ಅಂದರೆ 126 ಲೀಟರ್. ಗ್ಯಾಲನ್ನಿಗೆ 3.25 ಡಾಲರ್ ಇಟ್ಟುಕೊಂಡರೆ 108 ಡಾಲರ್. ಲೀಟರಿಗೆ ಬಿಡಿಸಿದರೆ 75 ರೂಪಾಯಿ ಚಿಲ್ಲರೆ. ನೂರರ ಮೇಲೆ ಕೊಟ್ಟು ಅಭ್ಯಾಸವಾಗಿರುವ ಅಜ್ಜ ಬಂಕಿನಲ್ಲಿ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಕಾರಿನ ಛಾವಣಿಗೆ ಪೆಟ್ಟಿಗೆ ಕಟ್ಟಿದರೆ ಗಾಳಿಯ ತಡೆಗೆ ಮೈಲೇಜು ಒಂದೆರಡು ಮೈಲಿ ಇಳಿಯುತ್ತದೆ. ಎರಡು ಮೈಲಿ ಇಳಿದರೆ ಒಂಬತ್ತು ಡಾಲರಿನ ಪೆಟ್ರೋಲು ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ದಾರಿಯಲ್ಲಿ ಖರ್ಚು ಮಾಡಲು ಒಂದೇ ಒಂದು ಒಳ್ಳೆಯ ನೆವ ಇದೆ. ದಕ್ಷಿಣ ಜಾರ್ಜಿಯಾ ಕಡಲೆಕಾಯಿ ಸೀಮೆ. ಅಮೆರಿಕದ ಕಡಲೆಕಾಯಿಯಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದು ರಾಜ್ಯದ್ದು. ಹೆದ್ದಾರಿಯಿಂದ ಇಳಿದ ಕಡೆಗಳಲ್ಲಿ ದೊಡ್ಡ ಹಂಡೆಯಲ್ಲಿ ಉಪ್ಪು ಹಾಕಿ ಬೇಯಿಸಿ ಬಿಸಿಬಿಸಿ ಮಾರುತ್ತಾರೆ. ಬಸವನಗುಡಿ ಪರಿಷೆಯಲ್ಲಿ ಹಸಿಯದು, ಹುರಿದದ್ದು ತಿಂದವರಿಗೆ ಈ ನೀರು ಸೋರುವ ಕಾಯಿ ಮೊದಲು ವಿಚಿತ್ರ ಎನ್ನಿಸುತ್ತದೆ. ಐದು ನಿಮಿಷದ ಮೇಲೆ ಪೊಟ್ಟಣ ಖಾಲಿಯಾಗಿರುತ್ತದೆ.

ತಂಗುವ ಜಾಗ ಅನಸ್ತೇಸಿಯಾ ಸ್ಟೇಟ್ ಪಾರ್ಕ್. ಹಳೇ ಊರಿಗೆ ಎದುರಿನ ದ್ವೀಪದಲ್ಲಿ ಸುಮಾರು 1,600 ಎಕರೆ, ನಾಲ್ಕು ಮೈಲಿ ಕಡಲ ತೀರ, ಓಕ್ ಮರಗಳ ಅಡಿ 139 ಕ್ಯಾಂಪ್ ಜಾಗ. ಊರಿನ ಹಳೇ ಕಲ್ಲುಕೋಟೆಗೆ ಇಲ್ಲಿಂದ ಮೂರು ಮೈಲಿ ಚಿಲ್ಲರೆ. ಇಷ್ಟು ಹಳೆಯ ಊರಿನ ಇಷ್ಟು ಹತ್ತಿರ, ಸಮುದ್ರದ ಪಕ್ಕದಲ್ಲೇ, ಸರ್ಕಾರಿ ದರಕ್ಕೆ ಟೆಂಟ್ ಹಾಕುವ ಜಾಗ ಸಿಗುವುದು ಅಪರೂಪ. ರಾತ್ರಿಗೆ ದರ 28 ಡಾಲರ್, ವಿದ್ಯುತ್ತಿನ ಜಾಗಕ್ಕೆ ಮೇಲೆ 7. ತೆರಿಗೆ ಸೇರಿದರೆ ರಾತ್ರಿಗೆ 40ಕ್ಕೆ ಒಂದು ಡಾಲರ್ ಕಡಿಮೆ. ಮೂರು ರಾತ್ರಿಗೆ 117, ಜತೆಗೆ ಒಮ್ಮೆ ಕಟ್ಟಬೇಕಾದ 6.70 ಡಾಲರ್ ಕಾಯ್ದಿರಿಸುವ ಶುಲ್ಕ. ಒಟ್ಟು 124. ಒಂದು ಜಾಗದಲ್ಲಿ ಎಂಟು ಜನ ಇರಬಹುದು, ಹಾಗಾಗಿ ಆರು ಜನರ ಕುಟುಂಬ ಎರಡು ಟೆಂಟ್ ಹಾಕಿದರೂ ಒಂದೇ ಬಾಡಿಗೆ. ತಲೆಗೆ, ರಾತ್ರಿಗೆ ಏಳು ಡಾಲರಿಗಿಂತ ಕಡಿಮೆ ಬೀಳುತ್ತದೆ. ಬಿಸಿನೀರಿನ ಸ್ನಾನದ ಮನೆ, ಜಾಗಕ್ಕೊಂದು ಕುಡಿಯುವ ನೀರಿನ ನಲ್ಲಿ, ಮರದ ಮೇಜು, ಒಲೆ ಹೊತ್ತಿಸುವ ಕಬ್ಬಿಣದ ಬಳೆ ಎಲ್ಲ ಅದರಲ್ಲೇ ಬಂತು. ಹಗಲಿಗೆ ಮಾತ್ರ ಬರುವ ಕಾರುಗಳು ಬಾಗಿಲಲ್ಲಿ 8 ಡಾಲರ್ ಕಟ್ಟುತ್ತವೆ. ತಂಗಿದವರಿಗೆ ಅದಿಲ್ಲ.

ಆ 7 ಡಾಲರಿನ ವಿದ್ಯುತ್ತಿನ ಹತ್ತಿರ ಒಂದು ಗಳಿಗೆ ನಿಲ್ಲಬೇಕು. ಟೆಂಟಿನವರು ಆ ಪ್ಲಗ್ಗಿನಿಂದ ಏನು ಎಳೆಯುತ್ತಾರೆ? 50 ವಾಟಿನ ಎರಡು ಫ್ಯಾನು ರಾತ್ರಿ ಹತ್ತು ಗಂಟೆ ತಿರುಗಿದರೆ ಒಂದು ಯೂನಿಟ್ಟು. ಫೋನುಗಳ ಚಾರ್ಜು ಲೆಕ್ಕಕ್ಕೇ ಇಲ್ಲ. ಕನ್ನಡಿಗರ ಮೇಜಾದರೆ ಅದರ ಮೇಲೊಂದು ರೈಸ್ ಕುಕ್ಕರ್ ಕೂತಿರುತ್ತದೆ. 700 ವಾಟು, ಅರ್ಧ ಗಂಟೆ, ಎರಡು ಹೊತ್ತು ಅಂದರೆ ಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ. ದಿನಕ್ಕೆ ಎಲ್ಲ ಸೇರಿ ಒಂದೂಮುಕ್ಕಾಲು ಯೂನಿಟ್ಟು. ಯೂನಿಟ್ಟಿಗೆ 15 ಸೆಂಟ್ ಹಾಕಿದರೂ 26 ಸೆಂಟ್. ಕೊಡುವುದು 7 ಡಾಲರ್, ಇಪ್ಪತ್ತೇಳು ಪಟ್ಟು. ಪಕ್ಕದ ಜಾಗದಲ್ಲಿ ಲಾರಿಯಷ್ಟು ದೊಡ್ಡ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ, ನಿಂತಿರುತ್ತದೆ. ಅದರ ಛಾವಣಿಯ ಎಸಿ 1,500 ವಾಟಿನದು, ಹದಿನೈದು ಗಂಟೆ ಓಡಿದರೆ 22 ಯೂನಿಟ್ಟು, ಮೂರೂಕಾಲು ಡಾಲರ್. ಅವರೂ ಕೊಡುವುದು 7. ಬಡಪಾಯಿ ಟೆಂಟಿನವರು ಆರ್‌ವಿಯವರ ತಂಪಿಗೆ ಕೈಜೋಡಿಸುತ್ತಿದ್ದಾರೆ ಎಂದು ನನಗೆ ಅನ್ನಿಸುವುದುಂಟು. ಹಾಗೆಂದು ಆ 7 ಡಾಲರ್ ಉಳಿಸಲು ಹೋಗಬೇಡಿ. ಜುಲೈನಲ್ಲಿ ಇಲ್ಲಿ ಹಗಲು 32-33 ಡಿಗ್ರಿ, ರಾತ್ರಿ 23ಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಅಂಕಿ ನೋಡಿದರೆ ರಾಯಚೂರಿನವರು ನಗುತ್ತಾರೆ. ಆದರೆ ಇದು ಮಂಗಳೂರಿನ ಜಾತಿಯ ಸೆಕೆ, ಬೆವರು ಆರುವುದಿಲ್ಲ. ಫ್ಯಾನಿಲ್ಲದ ಟೆಂಟಿನಲ್ಲಿ ಮಲಗಿದವರು ಮಾರನೆಯ ರಾತ್ರಿ ಹೋಟೆಲ್ ಹುಡುಕುತ್ತಾರೆ, 21 ಡಾಲರ್ ಉಳಿಸಲು ಹೋಗಿ 180 ಕಳೆದುಕೊಳ್ಳುತ್ತಾರೆ.

ಸೊಳ್ಳೆಯದು ಬೇರೆ ಕಥೆ. ಅದಕ್ಕಿಂತ ಕಾಟ ನುಸಿಯದು. ಜೌಗಿನ ಕಡೆಯಿಂದ ಸಂಜೆಗೆ ಏಳುವ ಈ ನುಸಿ ಮಾಮೂಲಿ ಸೊಳ್ಳೆಪರದೆಯ ಕಣ್ಣಿನೊಳಗೇ ನುಸುಳಿ ಬರುತ್ತದೆ, ಟೆಂಟ್ ಕೊಳ್ಳುವಾಗ ಅದಕ್ಕೆಂದೇ ಮಾಡಿದ ಸಣ್ಣ ಕಣ್ಣಿನ ಜಾಲರಿ ಇರುವುದನ್ನೇ ನೋಡಬೇಕು. ಮೊದಲ ಸಂಜೆ ಮಂಡ್ಯದ ಕಡೆಯ ಒಬ್ಬ ಮಾವ ಕಾಲು ಕೆರೆದುಕೊಳ್ಳುತ್ತಾ ಅಳಿಯನನ್ನು ಕೇಳಿದ್ದರು: “ಅಲ್ಲ ಕಣಪ್ಪ, ಇದನ್ನ ಕಚ್ಚಿಸ್ಕಳಕೆ ದುಡ್ಡೂ ಕೊಟ್ಯಾ?” ಅಳಿಯನ ಹತ್ತಿರ ಉತ್ತರ ಇರಲಿಲ್ಲ, ಫ್ಯಾನನ್ನು ಮಾವನ ಕಾಲ ಕಡೆ ತಿರುಗಿಸಿದ. ಅದು ಸರಿಯಾದ ಉತ್ತರವೇ. ನುಸಿ ಗಾಳಿಗೆ ನಿಲ್ಲುವುದಿಲ್ಲ.

ಅಡುಗೆಗೆ ಬರೋಣ. ಮನೆಯಿಂದ ಒಯ್ಯುವ ಸಾಮಾನಿಗೆ 60 ಡಾಲರ್ ಇಟ್ಟಿದ್ದೇನೆ. ರಾತ್ರಿಯೂಟಕ್ಕೆ ತಲೆಗೆ 80 ಗ್ರಾಂ ಅಕ್ಕಿ ಅಂದರೆ ಆರು ಜನಕ್ಕೆ 480 ಗ್ರಾಂ, ಮೂರು ರಾತ್ರಿಗೆ ಒಂದೂವರೆ ಕಿಲೋ. ಒಂದು ರಾತ್ರಿ ಚಿತ್ರಾನ್ನ, ಒಂದು ರಾತ್ರಿ ಪುಳಿಯೋಗರೆ ಗೊಜ್ಜು ಕಲಸಿದ್ದು, ಒಂದು ರಾತ್ರಿ ಪೊಟ್ಟಣದ ಬಿಸಿಬೇಳೆ. ಬೆಳಿಗ್ಗೆ ಗೊಜ್ಜವಲಕ್ಕಿ, ಹೊತ್ತಿಗೆ 400 ಗ್ರಾಂ. ಗೊಜ್ಜವಲಕ್ಕಿಯ ಹಿರಿಮೆ ಏನೆಂದರೆ ಒಲೆ ಹೊತ್ತಿಸುವುದೇ ಬೇಡ. 32 ಡಿಗ್ರಿಯಲ್ಲಿ ಇದು ಸಣ್ಣ ಮಾತಲ್ಲ. ಕೂಲರಿನೊಳಗೆ ಮುಖ್ಯವಾಗಿ ಮೊಸರು, ಕಿಲೋ ತೂಕದ ನಾಲ್ಕು ಡಬ್ಬಿ. ಉಳಿದದ್ದೆಲ್ಲ ಅದರ ಸುತ್ತ.

ಕೂಲರೇ ಈ ಪ್ರವಾಸದ ನಿಜವಾದ ಹೊಟ್ಟೆಬಾಕ. ಐವತ್ತು ಕ್ವಾರ್ಟಿನ, ಅಂದರೆ 47 ಲೀಟರಿನ ಡಬ್ಬಿ ಜುಲೈನಲ್ಲಿ ದಿನಕ್ಕೆ 20 ಪೌಂಡ್ ಐಸು ನುಂಗುತ್ತದೆ. ಹತ್ತು ಪೌಂಡಿನ ಏಳು ಚೀಲ, ಚೀಲಕ್ಕೆ ಮೂರೂವರೆ ಡಾಲರ್, ಒಟ್ಟು 25. ಮೂರೂವರೆ ದಿನಕ್ಕೆ 32 ಕಿಲೋ ಐಸು ಕೊಂಡು ನೀರು ಮಾಡಿ ಚೆಲ್ಲಿದ ಹಾಗಾಯಿತು. ಇದಕ್ಕೆ ಉಪಾಯ ಇದೆ. ಹೊರಡುವ ಎರಡು ದಿನ ಮುಂಚೆ ಒಂದು ಗ್ಯಾಲನ್ನಿನ ನಾಲ್ಕು ಹಾಲಿನ ಡಬ್ಬಿ ತೊಳೆದು ನೀರು ತುಂಬಿಸಿ ಫ್ರೀಜರಿನಲ್ಲಿಡಿ. ಪೂರ್ತಿ ತುಂಬಬೇಡಿ, ಗಟ್ಟಿಯಾದಾಗ ನೀರು ಉಬ್ಬಿ ಡಬ್ಬಿ ಸೀಳುತ್ತದೆ. ಹದಿನಾಲ್ಕು ಕಿಲೋ ಐಸು ಬಿಟ್ಟಿ, ಮೂರು ಚೀಲ ಉಳಿಯಿತು. ದೊಡ್ಡ ಗಟ್ಟಿ ಚೂರುಗಳಷ್ಟು ಬೇಗ ಕರಗುವುದಿಲ್ಲ, ಕರಗಿದ ಮೇಲೆ ಕುಡಿಯಲೂ ಬರುತ್ತದೆ.

ಕುಡಿಯುವ ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್ ಬೇಕು. ಆರು ಜನ, ಮೂರೂವರೆ ದಿನ, 21 ಗ್ಯಾಲನ್, 80 ಲೀಟರ್. ನಲ್ಲಿಯಿಂದ ಹಿಡಿದರೆ ಖರ್ಚು ಸೊನ್ನೆ. ಅದೇ ಪಾತ್ರೆ ಒಯ್ಯದೆ ಊರೊಳಗೆ ಬಾಟಲಿ ಕೊಳ್ಳತೊಡಗಿದರೆ ಎರಡು ದಿನದಲ್ಲಿ ತಲೆಗೆ ನಾಲ್ಕು ಬಾಟಲಿ, ಎರಡೂವರೆ ಡಾಲರಿನಂತೆ 60 ಡಾಲರ್. ಕೋಟೆಯ ಟಿಕೇಟಿನಷ್ಟೇ ಆಯಿತು.

ಕೋಟೆ ಅಂದರೆ ಕಸ್ತಿಯೊ ದೆ ಸಾನ್ ಮಾರ್ಕೋಸ್. ಟಿಕೇಟು 15 ಡಾಲರ್, ಏಳು ದಿನ ನಡೆಯುತ್ತದೆ, ಹದಿನೈದು ವರ್ಷದವರೆಗಿನ ಮಕ್ಕಳಿಗೆ ಇಲ್ಲ. ನಾಲ್ಕು ದೊಡ್ಡವರಿಗೆ 60. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ವರ್ಷದ ಪಾಸು 80, ಇಂಥ ಕಡೆ ಪಾಸಿನವರ ಜತೆ ಇನ್ನೂ ಮೂವರು ದೊಡ್ಡವರು ಒಳಗೆ ಹೋಗಬಹುದು. ಹಾಗಾಗಿ ಆ ವರ್ಷ ಇನ್ನೊಂದೇ ಒಂದು ಉದ್ಯಾನಕ್ಕೆ ಹೋಗುವ ಮನಸ್ಸಿದ್ದರೂ ಪಾಸು ಲಾಭ. 2026ರಿಂದ ಈ 80 ಅಲ್ಲಿನ ನಿವಾಸಿಗಳಿಗೆ ಮಾತ್ರ, ಹೊರದೇಶದವರಿಗೆ 250. ಪಾಸನ್ನು ಅಪ್ಪನ ಹೆಸರಿನಲ್ಲಿ ಅಲ್ಲ, ಮಗನ ಹೆಸರಿನಲ್ಲಿ ಮಾಡಿಸಬೇಕು ಅಂತ ಅರ್ಥ.

ಕೋಟೆಯ ಸ್ವಂತ ಲೆಕ್ಕಪತ್ರ ನಮ್ಮ ಬಜೆಟ್ಟಿಗಿಂತ ರುಚಿಯಾಗಿದೆ. ಇಲ್ಲಿ ಮೊದಲು ಒಂಬತ್ತು ಮರದ ಕೋಟೆಗಳಾಗಿ ಹೋಗಿದ್ದವು. ಸುಟ್ಟವು, ಕೊಳೆತವು, ಕೊಚ್ಚಿಹೋದವು. 1668ರಲ್ಲಿ ರಾಬರ್ಟ್ ಸರ್ಲ್ ಎಂಬ ಕಡಲ್ಗಳ್ಳ ಊರನ್ನು ಲೂಟಿ ಹೊಡೆದ. 1670ರಲ್ಲಿ ಇಂಗ್ಲಿಷರು ಉತ್ತರದಲ್ಲಿ ಚಾರ್ಲ್ಸ್‌ಟನ್ ಕಟ್ಟಿ ಕೂತರು. ಆಗ ಸ್ಪೇನಿಗೆ ಕಲ್ಲಿನ ಕೋಟೆ ಬೇಕು ಅನ್ನಿಸಿತು. 1672ರ ಅಕ್ಟೋಬರ್‌ನಲ್ಲಿ ಶುರುವಾದ ಕೆಲಸ 1695ರಲ್ಲಿ ಮುಗಿಯಿತು, 23 ವರ್ಷ. ಖರ್ಚು 1,38,000 ಪೆಸೊ ಮೀರಿತು. ಒಂದು ಪೆಸೊಗೆ ಎಂಟು ರಿಯಾಲ್. ಕಲ್ಲು ಕಡಿದು ಹೊತ್ತ ಮೂಲನಿವಾಸಿ ಆಳುಗಳಿಗೆ ದಿನಗೂಲಿ ಒಂದು ರಿಯಾಲ್, ಜತೆಗೆ ಮೆಕ್ಕೆಜೋಳದ ಪಡಿ. ಅಂದರೆ ಕೋಟೆಗೆ ಬಿದ್ದ ದುಡ್ಡು ಅಂಥ ಒಬ್ಬ ಆಳಿನ ಹನ್ನೊಂದು ಲಕ್ಷ ದಿನದ ಕೂಲಿ, ಒಬ್ಬನೇ ದುಡಿದರೆ ಮೂರು ಸಾವಿರ ವರ್ಷ. ತಿಮುಕುವಾ, ಗ್ವಾಲೆ, ಅಪಲಾಚಿ ಜನಗಳಿಂದ ಬಂದವರು ಇವರು, ಊರೂರಿಂದ ಸರದಿಯ ಮೇಲೆ ಕರೆಸಿಕೊಂಡವರು. ಅವರು ಕಡಿದ ಕಲ್ಲಿನ ಗಣಿ ಈಗ ಅನಸ್ತೇಸಿಯಾ ಪಾರ್ಕಿನ ಬಾಗಿಲ ಹತ್ತಿರವೇ ಇದೆ. ಟೆಂಟಿನಿಂದ ಬೆಳಗಿನ ನಡಿಗೆಗೆ ಹೋಗಿ ನೋಡಬಹುದು. ಕೋಟೆಗೆ ಹೋಗುವ ಮುಂಚೆ ಇದನ್ನು ನೋಡಬೇಕು ಅನ್ನುವುದು ನನ್ನ ಒತ್ತಾಯ. ಹೆಚ್ಚು ಜನ ಕಾರಿನಲ್ಲಿ ಅದರ ಮುಂದೆಯೇ ಹಾದು ಹೋಗುತ್ತಾರೆ.

ಆ ಕಲ್ಲಿನ ಹೆಸರು ಕೊಕೀನಾ. ಹತ್ತಿರದಿಂದ ನೋಡಿದರೆ ಕಲ್ಲೇ ಅಲ್ಲ, ಬೆರಳುಗುರಿನಷ್ಟು ಚಿಕ್ಕ ಮರಳುಚಿಪ್ಪುಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾದ ರಾಶಿ. ಗುಲಾಬಿ, ಹಳದಿ, ಬೂದಿ ಬಣ್ಣದ ಚಿಪ್ಪು ಒಡೆದದ್ದು, ಇಡಿಯದು ಎಲ್ಲ ಕಣ್ಣಿಗೆ ಕಾಣುತ್ತದೆ, ನಡುವೆ ಸಣ್ಣಸಣ್ಣ ತೂತು. ನೆಲದಿಂದ ತೆಗೆದಾಗ ಒದ್ದೆ, ಮೆತ್ತಗೆ, ಕೊಡಲಿಯಲ್ಲಿ ಕಡಿಯಬಹುದು. ಗಾಳಿಯಲ್ಲಿ ಒಣಗಲು ಬಿಟ್ಟರೆ ಗಟ್ಟಿಯಾಗುತ್ತದೆ. ಗಾರೆಗೆ ಸುಣ್ಣ ಮಾಡಿದ್ದೂ ಸಿಂಪಿಚಿಪ್ಪು ಸುಟ್ಟೇ. ಬಂದರಿನ ಕಡೆ ಗೋಡೆ 19 ಅಡಿವರೆಗೂ ದಪ್ಪ. 1740ರಲ್ಲಿ ಜಾರ್ಜಿಯಾದ ಜೇಮ್ಸ್ ಓಗಲ್‌ಥೋರ್ಪ್ ಇದೇ ಅನಸ್ತೇಸಿಯಾ ದ್ವೀಪದಲ್ಲಿ ಫಿರಂಗಿ ಹೂಡಿ ವಾರಗಟ್ಟಲೆ ಗುಂಡು ಹೊಡೆದ. ಗಟ್ಟಿ ಕಲ್ಲಾಗಿದ್ದರೆ ಸೀಳು ಬಿಟ್ಟು ಉದುರುತ್ತಿತ್ತು. ತೂತುಗಳಿಂದ ತುಂಬಿದ ಈ ಚಿಪ್ಪುಗಲ್ಲು ಒಳಗೇ ಕುಸಿದು ಗುಂಡನ್ನು ನುಂಗಿಕೊಂಡಿತು. ಕೋಟೆ ಈವರೆಗೆ ಯುದ್ಧದಲ್ಲಿ ಯಾರ ವಶಕ್ಕೂ ಹೋಗಿಲ್ಲ. 1763ರಲ್ಲಿ ಬ್ರಿಟನ್ನಿಗೆ, 1784ರಲ್ಲಿ ಮತ್ತೆ ಸ್ಪೇನಿಗೆ, 1821ರಲ್ಲಿ ಅಮೆರಿಕಕ್ಕೆ ಕೈಬದಲಾದದ್ದೆಲ್ಲ ಕಾಗದದ ಮೇಲೆ.

1702ರ ಇಂಗ್ಲಿಷರ ಮುತ್ತಿಗೆಯಲ್ಲಿ ಊರಿನ ಜನ, ಸೈನಿಕರು ಸೇರಿ ಸುಮಾರು 1,500 ಮಂದಿ ಈ ಗೋಡೆಗಳೊಳಗೆ ಐವತ್ತು ದಿನ ಕಳೆದರು. ಕ್ಯಾಂಪಿನ 139 ಜಾಗವೂ ಎಂಟೆಂಟು ಜನರಿಂದ ತುಂಬಿದರೆ 1,112. ಅಷ್ಟು ಜನರನ್ನೂ ಮೇಲೆ ಇನ್ನೂ 388 ಜನರನ್ನೂ ಒಂದು ಅಂಗಳಕ್ಕೆ ತುಂಬಿಸಿ, ಅಂಗಳದ ಬಾವಿಗಳ ನೀರು ಕುಡಿಸಿ, ಹೊರಗೆ ಶತ್ರು ಊರಿಗೆ ಬೆಂಕಿ ಇಡುವುದನ್ನು ನೋಡುತ್ತಾ ಕೂರಿಸಿದರೆ ಹೇಗಿರುತ್ತದೋ ಹಾಗೆ. ಅದು ನವೆಂಬರ್-ಡಿಸೆಂಬರ್ ಆಗಿತ್ತು, ಸದ್ಯ.

ಏಕೆಂದರೆ ಜುಲೈ ಮಧ್ಯಾಹ್ನ ಆ ಅಂಗಳದಲ್ಲಿ ಅರ್ಧ ಗಂಟೆ ನಿಲ್ಲುವುದೇ ದೊಡ್ಡದು. ಮೇಲಿನ ಫಿರಂಗಿ ಕಟ್ಟೆಯಲ್ಲಿ ನೆರಳೇ ಇಲ್ಲ. ಬಿಸಿಲಿನ ಕಂದಾಯ ಏರುವುದು ಇಲ್ಲೇ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಒಳಗಿದ್ದರೆ ಹನ್ನೊಂದಕ್ಕೆ ಮುಗಿಸಿ ಟೆಂಟಿಗೆ ಮರಳಿ ಮೊಸರನ್ನ ತಿನ್ನಬಹುದು. ಹನ್ನೊಂದಕ್ಕೆ ಹೋದವರು ಒಂದೂವರೆಗೆ ಸುಸ್ತಾಗಿ ಸೇಂಟ್ ಜಾರ್ಜ್ ಬೀದಿಯ ಯಾವುದಾದರೂ ಎಸಿ ಇರುವ ಬಾಗಿಲನ್ನು ನೂಕುತ್ತಾರೆ. ಆರು ಜನ, ತಲೆಗೆ 18, ಟಿಪ್ಸ್ ಸೇರಿ 108. ಇಂಥ ಎರಡು ಊಟಕ್ಕೆ 216 ಬರೆದಿದ್ದೇನೆ. ಒಂದು ಊಟ ಆಸೆಯದು, ಇನ್ನೊಂದು ಸೆಕೆಯದು. ಎರಡನೆಯದನ್ನು ತಪ್ಪಿಸಬಹುದು, ಆದರೆ ಎಂಟೂವರೆಗೆ ಮಕ್ಕಳನ್ನು ಹೊರಡಿಸುವ ಶಕ್ತಿ ಇರಬೇಕು. ಐಸ್‌ಕ್ರೀಮು, ಲಿಂಬೆ ಪಾನಕಕ್ಕೆ 40. ಪಾರ್ಕಿಂಗಿಗೆ ದಿನಕ್ಕೆ 20ರಂತೆ ಎರಡು ದಿನಕ್ಕೆ 40. ಅಲ್ಲಿಗೆ 673 ಆಯಿತು. ಮೂರು ಮೈಲಿ ಸೈಕಲ್ ತುಳಿಯಬಲ್ಲವರಿಗೆ ಆ ಪಾರ್ಕಿಂಗೂ ಇಲ್ಲ. ದ್ವೀಪದಿಂದ ಊರಿಗೆ ದಾಟಿಸುವ 1927ರ ಸಿಂಹದ ಸೇತುವೆ ಅರ್ಧರ್ಧ ಗಂಟೆಗೊಮ್ಮೆ ದೋಣಿಗಳಿಗಾಗಿ ನಡು ಸೀಳಿ ಮೇಲೇಳುವಾಗ ಕಾರುಗಳ ಸಾಲಿನಲ್ಲಿ ಬೇಯುವುದೂ ಇಲ್ಲ.

ಊಟ ಆಸೆಯದಾದರೆ ಡ್ಯಾಟಿಲ್ ಮೆಣಸಿನಕಾಯಿಯ ಚಟ್ನಿ, ಸಾಸು ಏನಿದೆ ಕೇಳಿ. 1777ರಲ್ಲಿ ದಕ್ಷಿಣದ ತೋಟಗಳ ಜೀತ ತಾಳಲಾರದೆ ಮಿನೋರ್ಕಾ ದ್ವೀಪದ ಸುಮಾರು 600 ಮಂದಿ ಇಲ್ಲಿಗೆ ನಡೆದು ಬಂದರು. ಅವರ ವಂಶಸ್ಥರ ಅಡುಗೆಯಲ್ಲಿ ಈ ಹಳದಿ ಕಾಯಿ ಇವತ್ತಿಗೂ ಇದೆ. ಖಾರದ ಅಳತೆಯಲ್ಲಿ ಒಂದರಿಂದ ಮೂರು ಲಕ್ಷ ಸ್ಕೋವಿಲ್. ಬ್ಯಾಡಗಿ ತಿಂದು ಬೆಳೆದವರು ಎಚ್ಚರ, ಇದು ಬಣ್ಣಕ್ಕೆ ಹಾಕುವ ಕಾಯಲ್ಲ.

673ರ ಹೊರಗೆ ಬಿಟ್ಟ ಎರಡು ಟಿಕೇಟಿವೆ. ಒಂದು ದೀಪಸ್ತಂಭ: 1874ರಲ್ಲಿ ಹೊತ್ತಿದ್ದು, 165 ಅಡಿ, 219 ಮೆಟ್ಟಿಲು, ಒಳಗೆ ಎಸಿ ಇಲ್ಲ. 44 ಇಂಚಿಗಿಂತ ಕುಳ್ಳ ಮಕ್ಕಳನ್ನು ಹತ್ತಲು ಬಿಡುವುದಿಲ್ಲ. ಇನ್ನೊಂದು ಪಾರ್ಕಿನ ಬಾಗಿಲ ಹತ್ತಿರದ ಅಲಿಗೇಟರ್ ಫಾರ್ಮ್, 1893ರಿಂದ ಇರುವುದು. 1993ರಲ್ಲಿ, ನೂರನೇ ವರ್ಷಕ್ಕೆ, ಜಗತ್ತಿನ ಮೊಸಳೆ ಜಾತಿಗಳನ್ನೆಲ್ಲ ಒಂದೇ ಕಡೆ ಸೇರಿಸಿದ ಮೊದಲ ಜಾಗ. ಎಲ್ಲ ಜಾತಿ ಅಂದರೆ ನಮ್ಮ ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮಗ್ಗರ್ ಕೂಡ. ಆರು ಜನಕ್ಕೆ 200ರ ಆಸುಪಾಸು ಕೊಟ್ಟು ಅದನ್ನು ನೋಡಬೇಕೇ ಅನ್ನುವುದನ್ನು ಅಜ್ಜ ತೀರ್ಮಾನಿಸಲಿ.

ನನ್ನನ್ನು ಕೇಳಿದರೆ ಆ ದುಡ್ಡು ಉಳಿಸಿ ಬಿಟ್ಟಿ ಇರುವಲ್ಲಿಗೆ ಹೋಗಿ ಅನ್ನುತ್ತೇನೆ. ದಕ್ಷಿಣಕ್ಕೆ 14 ಮೈಲಿಯ ಮತಾನ್ಸಾಸ್ ಕೋಟೆ 1740-42ರಲ್ಲಿ ಕಟ್ಟಿದ್ದು, ಪ್ರವೇಶಕ್ಕೂ ದುಡ್ಡಿಲ್ಲ, ದಾಟಿಸುವ ದೋಣಿಗೂ ದುಡ್ಡಿಲ್ಲ. 1565ರಲ್ಲಿ ಮೆನೆಂಡೆಸ್ ಶರಣಾದ ಸುಮಾರು 250 ಫ್ರೆಂಚರನ್ನು ಕೊಲ್ಲಿಸಿದ್ದು ಇದೇ ನೀರಿನ ದಂಡೆಯಲ್ಲಿ. ಉತ್ತರಕ್ಕೆ ಎರಡು ಮೈಲಿಯಲ್ಲಿ ಮೋಸೆ ಕೋಟೆ, ವಸ್ತುಸಂಗ್ರಹಾಲಯಕ್ಕೆ 2 ಡಾಲರ್. ಇಂಗ್ಲಿಷರ ತೋಟಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಸ್ಪೇನ್ 1738ರಲ್ಲಿ ಬಿಡುಗಡೆ ಕೊಟ್ಟು ಕೂರಿಸಿದ ಊರು, ಇಂದಿನ ಅಮೆರಿಕದ ನೆಲದಲ್ಲಿ ಕಾನೂನಿನ ಮನ್ನಣೆ ಪಡೆದ ಮೊದಲ ಸ್ವತಂತ್ರ ಕಪ್ಪು ಜನರ ನೆಲೆ.

ಸಮುದ್ರಕ್ಕೆ ಟಿಕೇಟಿಲ್ಲ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಈ ಪಾರ್ಕಿನ ಪಕ್ಕದ ಸೇಂಟ್ ಅಗಸ್ಟೀನ್ ಬೀಚಿನಲ್ಲಿ 1964ರ ಜೂನ್‌ನಲ್ಲಿ ಕಪ್ಪು ಜನ, ಅವರ ಜತೆ ನಿಂತ ಬಿಳಿಯರು ನೀರಿಗಿಳಿಯುವ ಸತ್ಯಾಗ್ರಹ ಮಾಡಿ ಪೆಟ್ಟು ತಿಂದರು. ಜೂನ್ 11ರಂದು ಊರೊಳಗಿನ ಮಾನ್ಸನ್ ಮೋಟೆಲಿನ ಮೆಟ್ಟಿಲ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಬಂಧನವಾಯಿತು. 18ರಂದು ಅದೇ ಮೋಟೆಲಿನ ಈಜುಕೊಳಕ್ಕೆ ಇಳಿದವರ ಮೇಲೆ ಮಾಲೀಕ ಆಸಿಡ್ ಸುರಿದ. ಜುಲೈ 2ಕ್ಕೆ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು. ಮೋಟೆಲನ್ನು 2003ರಲ್ಲಿ ಕೆಡವಿದರು, ಮೆಟ್ಟಿಲು ಉಳಿಸಿದ್ದಾರೆ. ಗಾಂಧಿ ಹೆಸರು ಕೇಳಿ ಬೆಳೆದ ಅಜ್ಜ-ಅಜ್ಜಿಗೆ ಇದನ್ನು ತೋರಿಸಲು ಕೋಟೆಯಿಂದ ಕೆಲವೇ ನಿಮಿಷದ ನಡಿಗೆ.

ಹೋಟೆಲಿನಲ್ಲೇ ಇದ್ದರೆ? ಆರು ಜನಕ್ಕೆ ಎರಡು ಕೋಣೆ, ಬೇಸಿಗೆಯಲ್ಲಿ ಸಾಧಾರಣ ಕೋಣೆಗೆ 160 ಇಟ್ಟುಕೊಂಡರೆ ಮೂರು ರಾತ್ರಿಗೆ 960, ಮೇಲೆ ನೂರಕ್ಕೆ ಹನ್ನೊಂದೂವರೆ ತೆರಿಗೆ, 1,070. ಕ್ಯಾಂಪಿನ 124, ಐಸಿನ 25 ಕಳೆದು ಇದನ್ನು ಸೇರಿಸಿದರೆ ಪ್ರವಾಸ 1,594ಕ್ಕೆ ಹೋಗುತ್ತದೆ. ಟೆಂಟಿನವರು ಸಾಮಾನಿಗೆ ಹಾಕುವ ದುಡ್ಡನ್ನು ಮರೆಯುತ್ತಾರೆ ಎಂಬ ಮಾತಿದೆ, ಅದೂ ನ್ಯಾಯವೇ. ಎರಡು ಟೆಂಟು, ಹಾಸಿಗೆ, ಒಲೆ, ಕೂಲರ್, ಫ್ಯಾನು ಸೇರಿ 450. ಒಮ್ಮೆ ಬಳಸಿ ಅಟ್ಟಕ್ಕೆ ಹಾಕಿದರೂ 1,123, ಹೋಟೆಲಿಗಿಂತ 471 ಕಡಿಮೆ. ಹನ್ನೆರಡು ರಾತ್ರಿ ಬಳಸಿದರೆ ರಾತ್ರಿಗೆ 37.50 ಮಾತ್ರ. ಆದರೆ ಇಬ್ಬರೇ ಹೋಗುವವರಿಗೆ ಈ ಲೆಕ್ಕ ಹೀಗೆ ಹೊಳೆಯುವುದಿಲ್ಲ. ಅವರಿಗೆ ಒಂದು ಕೋಣೆ 535, ಮೂರೇ ರಾತ್ರಿಗೆಂದು 300 ಡಾಲರಿನ ಸಾಮಾನು ಕೊಂಡು, ಜಾಗದ 124 ಕಟ್ಟಿ, ಐಸಿಗೆ ಹದಿನೈದು ಕೊಟ್ಟರೆ ಉಳಿಯುವುದು ನೂರು ಡಾಲರಿಗೂ ಕಡಿಮೆ, ಅದೂ 33 ಡಿಗ್ರಿಯಲ್ಲಿ. ಇಬ್ಬರಿಗೆ ನಾನು ಫೆಬ್ರವರಿ ಹೇಳುತ್ತೇನೆ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. 2016ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಬಂದಾಗ ಸಮುದ್ರ ಹಳೇ ಊರಿನ ಬೀದಿಗಳೊಳಗೆ ಹರಿದಿತ್ತು. ಜುಲೈನಲ್ಲಿ ಅಂಥದ್ದು ಅಪರೂಪ, ಆದರೆ ಮಧ್ಯಾಹ್ನದ ಗುಡುಗು-ಮಳೆ ಬಂದೇ ಬರುತ್ತದೆ ಎಂದುಕೊಂಡು ಟೆಂಟಿನ ಮೇಲ್ಹೊದಿಕೆ ಬಿಗಿದೇ ಊರಿಗೆ ಹೊರಡಿ. ಮೇ 1ರಿಂದ ಅಕ್ಟೋಬರ್ 31ರವರೆಗೆ ಕಡಲಾಮೆಗಳು ಮೊಟ್ಟೆಯಿಡುವ ಕಾಲ, ರಾತ್ರಿ ಮರಳಿನ ಮೇಲೆ ಟಾರ್ಚ್ ಆಡಿಸಬಾರದು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಜಾಗ ಸಿಗಬೇಕಲ್ಲ. 2024ರಿಂದ ಫ್ಲೋರಿಡಾದ ನಿವಾಸಿಗಳು 11 ತಿಂಗಳು ಮುಂಚೆ ಕಾಯ್ದಿರಿಸಬಹುದು, ಹೊರರಾಜ್ಯದವರು 10 ತಿಂಗಳು. ಜುಲೈ 10ಕ್ಕೆ ಬೇಕಿದ್ದರೆ ಜಾಕ್ಸನ್‌ವಿಲ್ಲಿನ ಕನ್ನಡಿಗ ಹಿಂದಿನ ವರ್ಷದ ಆಗಸ್ಟ್ 10ಕ್ಕೆ ಕಂಪ್ಯೂಟರ್ ಮುಂದೆ ಕೂರುತ್ತಾನೆ, ಅಟ್ಲಾಂಟಾದವನು ಸೆಪ್ಟೆಂಬರ್ 10ಕ್ಕೆ. ವಾರಾಂತ್ಯದ ಜಾಗಗಳು ಆ ಒಂದು ತಿಂಗಳಲ್ಲಿ ಎಷ್ಟೋ ಖಾಲಿಯಾಗಿರುತ್ತವೆ. ಅಪ್ಪ-ಅಮ್ಮನ ವಿಮಾನದ ಟಿಕೇಟು ಅಷ್ಟು ಮುಂಚೆ ಯಾರೂ ಮಾಡಿಸಿರುವುದಿಲ್ಲ, ವೀಸಾ ಇದೆಯೋ ಇಲ್ಲವೋ. ಹಾಗಾಗಿ ಎರಡು ದಾರಿ: ಸೋಮವಾರದಿಂದ ಗುರುವಾರದ ರಾತ್ರಿಗಳನ್ನು ಹಿಡಿಯುವುದು, ಇಲ್ಲವೇ ಜಾಕ್ಸನ್‌ವಿಲ್ಲಿನಲ್ಲೊಬ್ಬ ಸ್ನೇಹಿತನನ್ನು ಹುಡುಕಿ ಆರು ಜನರ ಬದಲು ಎಂಟು ಜನ ಹೋಗುವುದು. ಬಾಡಿಗೆ ಆಗಲೂ ಅಷ್ಟೇ. ಐಸು ಮಾತ್ರ ಇನ್ನೆರಡು ಚೀಲ.